ಛಾವಣಿಯಿಂದ ಇಳಿದ ನೀರು ಮತ್ತೆ ಏರಬಾರದು: ಟೆಕ್ಸಾಸ್ ಚಳಿಗೆ ಸೋಲಾರ್ ಪೂಲ್ ಹೀಟರ್ ಸಿದ್ಧಪಡಿಸುವ ಕೆಲಸ

ಡಲ್ಲಾಸ್ ಸುತ್ತಮುತ್ತ, ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಕಡೆಯೆಲ್ಲ ಹಿತ್ತಿಲಿನ ಈಜುಕೊಳವನ್ನು ಚಳಿಗಾಲಕ್ಕೆಂದು ಮುಚ್ಚುವ ರೂಢಿ ಇಲ್ಲ. ನ್ಯೂಜೆರ್ಸಿಯಲ್ಲಾದರೆ ಶರತ್ಕಾಲದಲ್ಲೇ ಪೈಪುಗಳಿಗೆ ಗಾಳಿ ಊದಿ, ಬಿರಡೆ ಹಾಕಿ, ಪಂಪು ನಿಲ್ಲಿಸಿಬಿಡುತ್ತಾರೆ. ಇಲ್ಲಿ ಪಂಪು ವರ್ಷವಿಡೀ ಓಡುತ್ತದೆ. ಹೊರಗಿನ ತಾಪಮಾನ 36ರಿಂದ 40 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದಾಗ ಕಂಟ್ರೋಲರ್ ತಾನಾಗಿಯೇ ಪಂಪನ್ನು ಚಾಲೂ ಮಾಡುತ್ತದೆ, ಹರಿಯುವ ನೀರು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ ಎಂಬ ಕಾರಣಕ್ಕೆ. ಕೊಳಕ್ಕೆ, ಫಿಲ್ಟರಿಗೆ ಇದು ರಕ್ಷಣೆ. ಛಾವಣಿಯ ಮೇಲಿನ ಸೋಲಾರ್ ಪ್ಯಾನೆಲ್‌ಗಳಿಗೆ ಮಾತ್ರ ಇದೇ ಪಂಪು ಕಂಟಕ. ನವೆಂಬರಿನಲ್ಲಿ ನೀರು ಇಳಿಸಿ ನಿಶ್ಚಿಂತರಾದವರ ಪ್ಯಾನೆಲ್ ಜನವರಿಯಲ್ಲಿ ಸೀಳುವುದು ಇದರಿಂದಲೇ. ಇಳಿಸಿದ ನೀರು ಎಲ್ಲೋ ಒಂದು ಕಡೆಯಿಂದ ಮೆಲ್ಲಗೆ ಮತ್ತೆ ಮೇಲೇರಿರುತ್ತದೆ.

ಬೆಂಗಳೂರು, ಮೈಸೂರಿನ ತಾರಸಿಗಳ ಮೇಲೆ ಕಾಣುವ ಸೋಲಾರ್ ಹೀಟರ್ ಇದಲ್ಲ. ಇದಕ್ಕೆ ಗಾಜಿಲ್ಲ, ಟ್ಯಾಂಕಿಲ್ಲ, ಕೊಳವೇ ಟ್ಯಾಂಕು. ಕಪ್ಪು ಪಾಲಿಪ್ರೊಪಿಲೀನಿನ ಸಣ್ಣ ಸಣ್ಣ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿದ ಚಾಪೆಯಂಥ ಪ್ಯಾನೆಲ್, ಅಗಲ 4 ಅಡಿ, ಉದ್ದ 8, 10 ಅಥವಾ 12 ಅಡಿ. ಮೇಲೊಂದು ಕೆಳಗೊಂದು 2 ಇಂಚಿನ ದಪ್ಪ ಕೊಳವೆ ಇರುತ್ತದೆ, ಅದನ್ನು ಹೆಡರ್ ಎನ್ನುತ್ತಾರೆ. ಫಿಲ್ಟರಿನಿಂದ ಬಂದ ನೀರು ನೀರನ್ನು ಛಾವಣಿಗೋ ನೇರ ಕೊಳಕ್ಕೋ ತಿರುಗಿಸುವ ಮೂರು ಬಾಯಿಯ ವಾಲ್ವ್ ಹಾದು ಕೆಳಗಿನ ಹೆಡರಿನ ಒಂದು ತುದಿಗೆ ಏರುತ್ತದೆ, ಕೊಳವೆಗಳಲ್ಲಿ ಬಿಸಿಯಾಗಿ, ಮೇಲಿನ ಹೆಡರಿನ ಎದುರು ತುದಿಯಿಂದ ಕೊಳಕ್ಕೆ ಮರಳುತ್ತದೆ. ಛಾವಣಿಯ ಎತ್ತರದಲ್ಲಿ ಒಂದು ವ್ಯಾಕ್ಯೂಮ್ ರಿಲೀಫ್ ವಾಲ್ವ್ ಇರುತ್ತದೆ. ಪಂಪು ನಿಂತು ಒಳಗಿನ ಒತ್ತಡ ಬಿದ್ದಾಗ ಅದು ತೆರೆದುಕೊಂಡು ಗಾಳಿಯನ್ನು ಒಳಗೆ ಬಿಡುತ್ತದೆ, ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಮುಂದೆ ಇದನ್ನು ಗಾಳಿ ವಾಲ್ವ್ ಎಂದೇ ಕರೆಯುತ್ತೇವೆ.

ಕೆಲಸಕ್ಕೆ ನಾವು ಇಟ್ಟುಕೊಳ್ಳುವ ಗಡುವು ನವೆಂಬರ್ ಮೊದಲ ವಾರ. ಇಲ್ಲಿ ಮೊದಲ ಹಿಮಗಟ್ಟುವ ರಾತ್ರಿ ಸಾಮಾನ್ಯವಾಗಿ ನವೆಂಬರ್ ಮೂರು–ನಾಲ್ಕನೇ ವಾರಕ್ಕೆ ಬರುತ್ತದೆ. ಹವಾಮಾನ ವರದಿಯಲ್ಲಿ 32 ಡಿಗ್ರಿ ಕಾಣಲಿ ಎಂದು ಕಾಯುವುದು ತಪ್ಪು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಈ ಕಪ್ಪು ಪ್ಯಾನೆಲ್ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಂಡು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗುತ್ತದೆ. ವರದಿಯಲ್ಲಿ 36 ಇದ್ದರೂ ಪ್ಯಾನೆಲಿನೊಳಗೆ ಮಂಜುಗಡ್ಡೆ ಕಟ್ಟಬಹುದು. ಹೆಪ್ಪುಗಟ್ಟಿದ ನೀರು ಸುಮಾರು ನೂರಕ್ಕೆ 9 ಪಾಲು ಹಿಗ್ಗುತ್ತದೆ, ಆ ಹಿಗ್ಗುವಿಕೆಗೆ ಹೆಡರಿನ ಬೆಸುಗೆ ತಡೆಯುವುದಿಲ್ಲ.

ನೀರು ಇಳಿಸುವ ಮೊದಲು ಸೋಲಾರನ್ನು ಕೊನೆಯ ಸಲ ಪೂರ್ತಿ ಓಡಿಸುತ್ತೇವೆ. ಬೆಚ್ಚಗಿನ, ಬಿಸಿಲಿರುವ ಮಧ್ಯಾಹ್ನ ಬೇಕು. ಖಾಲಿ ಪ್ಯಾನೆಲಿನಲ್ಲಿ ಸೋರಿಕೆ ಹುಡುಕಲು ಆಗುವುದಿಲ್ಲ, ಆದ್ದರಿಂದ ತುಂಬಿರುವಾಗಲೇ ನೋಡಬೇಕು: ಪ್ಯಾನೆಲ್ ಪ್ಯಾನೆಲ್ ಸೇರುವ ರಬ್ಬರ್ ಜೋಡಣೆಗಳು, ಅವುಗಳ ಸ್ಟೀಲ್ ಕ್ಲಾಂಪು, ಕೆಳಗಿನ ಹೆಡರಿನ ಉದ್ದಕ್ಕೂ ಶಿಂಗಲ್ (ಛಾವಣಿಗೆ ಹೊದಿಸುವ ಬಿಲ್ಲೆ) ಮೇಲೆ ಒದ್ದೆ ಗುರುತು. ಕೊಳಕ್ಕೆ ನೀರು ಬೀಳುವ ಬಾಯಿಯಲ್ಲಿ ಗುಳ್ಳೆ ಬರುತ್ತಿದೆಯೇ ಎಂದೂ ನೋಡಬೇಕು. ಚಾಲೂ ಆದ ಮೊದಲ ಕೆಲವು ನಿಮಿಷ ಗುಳ್ಳೆ ಸಹಜ, ಪ್ಯಾನೆಲಿನಲ್ಲಿದ್ದ ಗಾಳಿ ಹೊರಬರುತ್ತಿರುತ್ತದೆ. ಹತ್ತು ನಿಮಿಷ ಕಳೆದರೂ ನಿಲ್ಲದಿದ್ದರೆ ಗಾಳಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಛಾವಣಿಗೆ ಬೇಕಾದಷ್ಟು ಒತ್ತಡ ಸಿಗುತ್ತಿಲ್ಲ.

ಪಂಪು ನಿಲ್ಲಿಸಿದ ಕ್ಷಣ ಒಬ್ಬರು ಗಾಳಿ ವಾಲ್ವಿನ ಬಳಿಯೇ ಇರಬೇಕು. ಸುಸ್ಥಿತಿಯಲ್ಲಿದ್ದರೆ ಸುಯ್ಯೆಂದು ಗಾಳಿ ಎಳೆದುಕೊಳ್ಳುವ ಸದ್ದು ಕೇಳುತ್ತದೆ. ಸದ್ದಿಲ್ಲವೆಂದರೆ ಸುಣ್ಣ ಕಟ್ಟಿ ಅಂಟಿಕೊಂಡಿದೆ, ಅಥವಾ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆ. ಟೆಕ್ಸಾಸಿನಲ್ಲಿ ಈ ಮಣ್ಣುಗೂಡಿನ ಕಣಜ ಬಯಲಲ್ಲಿ ತೆರೆದಿರುವ ಯಾವ ಸಣ್ಣ ಬಾಯಿಯನ್ನೂ ಬಿಡುವುದಿಲ್ಲ. ವಾಲ್ವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ, ಒಳಗಿನ ಮುಚ್ಚಳವನ್ನು ಬೆರಳಿನಿಂದ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋಗಿ ಮರಳಬೇಕು. ತಡೆದರೆ ಹೊಸದು ಹಾಕುವುದೇ ಸರಿ, ಇದರ ರಿಪೇರಿಗೆ ಕೂರುವುದು ವ್ಯರ್ಥ. ಗಾಳಿ ಒಳಗೆ ಹೋಗದಿದ್ದರೆ, ಬೆರಳಿನಿಂದ ಮೇಲ್ತುದಿ ಮುಚ್ಚಿದ ಸ್ಟ್ರಾದ ಹಾಗೆ, ಪ್ಯಾನೆಲ್ ನೀರನ್ನು ಹಿಡಿದುಕೊಂಡೇ ಇರುತ್ತದೆ.

ಈಗ ಕಂಟ್ರೋಲರ್. ಹೆಚ್ಚಿನ ಹಾನಿ ನಡೆಯುವುದು ಇಲ್ಲಿ. ಹಲವರು ಸೋಲಾರ್ ನಿಲ್ಲಿಸುತ್ತೇವೆಂದು ಬೇಕಾದ ತಾಪಮಾನವನ್ನು ಅತಿ ಕೆಳಗೆ ತಿರುಗಿಸಿ ಬಿಡುತ್ತಾರೆ. ಅದು ಆಫ್ ಅಲ್ಲ. ಇಲ್ಲಿನ ಆಗಸ್ಟ್ ಬೇಗೆಗೆ ಕೊಳ 90 ಡಿಗ್ರಿ ದಾಟುವುದರಿಂದ ಹಲವು ಕಂಟ್ರೋಲರ್‌ಗಳಲ್ಲಿ ರಾತ್ರಿ ತಂಪು ಮಾಡುವ ವ್ಯವಸ್ಥೆ ಇರುತ್ತದೆ: ಕೊಳ ನಿಗದಿತ ತಾಪಮಾನಕ್ಕಿಂತ ಬಿಸಿಯಿದ್ದು, ಛಾವಣಿ ಕೊಳಕ್ಕಿಂತ ತಣ್ಣಗಿದ್ದರೆ ರಾತ್ರಿ ನೀರನ್ನು ಮೇಲೆ ಹರಿಸಿ ತಣಿಸುತ್ತದೆ. ಬೇಸಿಗೆಯಲ್ಲಿ ಚಾಲೂ ಮಾಡಿದ ಅದನ್ನು ಮರೆತು, ನಿಗದಿಯನ್ನು ಕೆಳಗಿಳಿಸಿದರೆ ಏನಾಗುತ್ತದೆ? ಡಿಸೆಂಬರಿನ ಕೊರೆಯುವ ರಾತ್ರಿ ಕೊಳದ ನೀರು ನಿಗದಿಗಿಂತ ಬಿಸಿ, ಛಾವಣಿ ಅದಕ್ಕಿಂತ ತಣ್ಣಗೆ. ಎರಡು ಷರತ್ತೂ ಪೂರೈಸಿದವು. ಕಂಟ್ರೋಲರ್ ಹೇಳಿದ ಹಾಗೆ ಕೇಳಿ ನೀರನ್ನು ನೇರ ಪ್ಯಾನೆಲಿಗೆ ಕಳಿಸುತ್ತದೆ. ಹಗಲಿನಲ್ಲೂ ಅಪಾಯ ಉಂಟು. ಜನವರಿಯ ಬಿಸಿಲಿಗೆ ಛಾವಣಿಯ ಮೇಲೆ ತಾಪಮಾನ ಅಳೆಯುವ ಕಪ್ಪು ಸೆನ್ಸರ್ ಕೊಳಕ್ಕಿಂತ ಎಷ್ಟೋ ಬಿಸಿಯಾಗುತ್ತದೆ, ಕಂಟ್ರೋಲರ್ ಬಿಸಿಮಾಡಲು ಹೊರಡುತ್ತದೆ. ಆ ಹೊತ್ತಿಗೆ ನಾವು ಪೈಪಿನ ಜೋಡಣೆ ಬಿಚ್ಚಿಟ್ಟಿದ್ದರೆ ಕೊಳದ ನೀರೆಲ್ಲ ಹಿತ್ತಿಲಿಗೆ.

ಆದ್ದರಿಂದ ನಾವು ಮೊದಲು ರಾತ್ರಿ ತಂಪು ಮಾಡುವುದನ್ನು ತೆಗೆಯುತ್ತೇವೆ, ಆಮೇಲೆ ಸೋಲಾರನ್ನು ಆಫ್ ಮಾಡುತ್ತೇವೆ, ಅದನ್ನೂ ನಂಬದೆ ಮೂರು ಬಾಯಿಯ ವಾಲ್ವ್ ತಿರುಗಿಸುವ ಮೋಟರನ್ನು ಕೈಯಾರೆ ನಿಲ್ಲಿಸುತ್ತೇವೆ. ಈ 24 ವೋಲ್ಟಿನ ಮೋಟರಿನ ಹಿಂಬದಿಯಲ್ಲಿ ಮೂರು ಸ್ಥಾನದ ಸಣ್ಣ ಸ್ವಿಚ್ ಇದೆ, ನಡುವಿನದು ಆಫ್. ಅಲ್ಲಿಗೆ ತಂದು, ಹಿಡಿಯನ್ನು ಕೈಯಿಂದ ತಿರುಗಿಸಿ, ಆಫ್ ಎಂದು ಬರೆದ ತುದಿ ಛಾವಣಿಗೆ ಹೋಗುವ ಬಾಯಿಯ ಕಡೆ ಬರುವಂತೆ ನಿಲ್ಲಿಸಬೇಕು. ಆ ತುದಿ ಯಾವ ಬಾಯಿಯ ಕಡೆಗಿದೆಯೋ ಅದು ಮುಚ್ಚಿದೆ ಎಂದರ್ಥ. ಮೋಟರಿನ ವೈರನ್ನೂ ಕಂಟ್ರೋಲರಿನಿಂದ ಕಳಚಿಟ್ಟರೆ ಮನೆಯಲ್ಲಿ ಯಾರು ಯಾವ ಗುಂಡಿ ಒತ್ತಿದರೂ ಭಯವಿಲ್ಲ. ಸೆನ್ಸರ್ ಪರೀಕ್ಷೆಯನ್ನೂ ಈಗಲೇ ಮುಗಿಸುವುದು ಒಳ್ಳೆಯದು. ಬಳಕೆಯಲ್ಲಿರುವುದು ಹೆಚ್ಚಾಗಿ 10 ಕಿಲೋ ಓಮಿನ ಸೆನ್ಸರ್: ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 10 ಕಿಲೋ ಓಮ್, 40 ಡಿಗ್ರಿಯಲ್ಲಿ 5ರ ಆಸುಪಾಸು, 0 ಡಿಗ್ರಿಯಲ್ಲಿ 32–33 ತೋರಿಸಬೇಕು. ಕೊನೆಯಿಲ್ಲದಷ್ಟು ತೋರಿಸಿದರೆ ತಂತಿ ತುಂಡಾಗಿದೆ. ಛಾವಣಿಯ ಮೇಲೆ ಅಳಿಲು ಕಡಿದಿರುವುದು ಅಪರೂಪವಲ್ಲ.

ನೀರು ಇಳಿಸಲು ಎರಡು ನಲ್ಲಿ ಬೇಕು. ಏರುವ ಪೈಪಿನ ತೀರಾ ತಗ್ಗಿನಲ್ಲಿ ಒಂದು, ಮರಳುವ ಪೈಪಿನ ತಗ್ಗಿನಲ್ಲಿ ಇನ್ನೊಂದು. ಒಂದೇ ಸಾಕೆಂದು ಬಿಟ್ಟಿರುವ ಮನೆಗಳನ್ನು ಬಹಳ ನೋಡುತ್ತೇವೆ. ಪ್ಯಾನೆಲಿನ ನೀರು ಹೆಚ್ಚಿನ ಪಾಲು ಕೆಳಗಿನ ಹೆಡರ್ ಮೂಲಕ ಏರುವ ಪೈಪಿಗೇ ಇಳಿಯುತ್ತದೆ. ಮೇಲಿನ ಹೆಡರಿನಿಂದ ಗೋಡೆಗುಂಟ ಕೆಳಗೆ ಬರುವ ಪೈಪಿನ ನೀರಿಗೆ ಆ ದಾರಿ ಇಲ್ಲ, ಅದು ತನ್ನ ಬದಿಯಲ್ಲೇ ಇಳಿಯಬೇಕು. ಪ್ರತಿ ನಲ್ಲಿಗಿಂತ ಒಂದು ಹೆಜ್ಜೆ ಆಚೆ, ಪಂಪಿನ ಕಡೆಗೆ, ಒಂದೊಂದು ಬಾಲ್ ವಾಲ್ವ್ ಇದ್ದರೆ ಅನುಕೂಲ. ಎರಡೂ ಬಾಲ್ ವಾಲ್ವ್ ಮುಚ್ಚಿ, ಎರಡೂ ನಲ್ಲಿ ತೆರೆದು, ಬಂದ ನೀರನ್ನು ಬಕೆಟಿನಲ್ಲಿ ಅಳೆಯುತ್ತೇವೆ.

ಅಳೆಯುವುದನ್ನು ಹೆಚ್ಚಿನವರು ಮಾಡುವುದಿಲ್ಲ, ಆದರೆ ಪ್ಯಾನೆಲ್ ನಿಜಕ್ಕೂ ಖಾಲಿಯಾಯಿತೇ ಎಂದು ನೆಲದ ಮೇಲೆ ನಿಂತು ತಿಳಿಯಲು ಬೇರೆ ದಾರಿ ಇಲ್ಲ. ಲೆಕ್ಕ ಸುಲಭ. 4×12 ಅಡಿಯ ಒಂದು ಪ್ಯಾನೆಲಿನಲ್ಲಿ 3ರಿಂದ 4 ಗ್ಯಾಲನ್ ನೀರಿರುತ್ತದೆ. ನಿಮ್ಮ ಮಾದರಿಯ ಸರಿಯಾದ ಅಂಕಿ ಅದರ ಕೈಪಿಡಿಯಲ್ಲಿದೆ. ಮೂರೂವರೆ ಎಂದು ಹಿಡಿದರೆ ಆರು ಪ್ಯಾನೆಲಿಗೆ 21 ಗ್ಯಾಲನ್. 2 ಇಂಚಿನ ಪೈಪು ಅಡಿಗೆ ಸುಮಾರು 0.17 ಗ್ಯಾಲನ್ ಹಿಡಿಯುತ್ತದೆ, ಒಂದೂವರೆ ಇಂಚಿನದು 0.1ಕ್ಕಿಂತ ಸ್ವಲ್ಪ ಹೆಚ್ಚು. ಹೋಗುವ ಬರುವ ಎರಡೂ ಸೇರಿ 80 ಅಡಿ 2 ಇಂಚಿನ ಪೈಪೆಂದರೆ ಇನ್ನೂ 14 ಗ್ಯಾಲನ್. ಒಟ್ಟು 35, ಅಂದರೆ 5 ಗ್ಯಾಲನ್ ಬಕೆಟಿಗೆ ಏಳು, ನಮ್ಮ ಲೆಕ್ಕದಲ್ಲಿ 130 ಲೀಟರಿಗೆ ಚೂರು ಮೇಲೆ. ಒಂದು ಬಕೆಟಿನಷ್ಟು ಕಡಿಮೆ ಬಂದರೆ ಒಂದಿಡೀ ಪ್ಯಾನೆಲ್ ತುಂಬಿದ ಹಾಗೇ ಇದೆ ಎಂದು ಭಾವಿಸಿ ಛಾವಣಿ ಹತ್ತಬೇಕು. ಒಮ್ಮೆ ಅಳೆದ ಅಂಕಿಯನ್ನು ಕಂಟ್ರೋಲರ್ ಪೆಟ್ಟಿಗೆಯ ಬಾಗಿಲ ಒಳಗೆ ಬರೆದಿಟ್ಟರೆ ಮುಂದಿನ ವರ್ಷಕ್ಕೆ ಆಯಿತು. ಅಳೆದ ನೀರನ್ನು ಕೊಳಕ್ಕೇ ಸುರಿಯಿರಿ. ಉಪ್ಪಿನ ಕೊಳವಾದರೆ ಗಿಡಗಳ ಬುಡಕ್ಕೆ ಖಂಡಿತ ಬೇಡ.

ಛಾವಣಿ ಹತ್ತುವುದು ಶಿಂಗಲ್ ಒಣಗಿದ ಮೇಲೆ, ಇನ್ನೊಬ್ಬರು ಕೆಳಗೆ ಇರುವಾಗ ಮಾತ್ರ. ಅಲ್ಲಿ ನೋಡುವುದು ಇಳಿಜಾರು. ಕೆಳಗಿನ ಹೆಡರ್ ಏರುವ ಪೈಪಿನ ಕಡೆಗೆ ವಾಲಿರಬೇಕು. ಮಟ್ಟಗೋಲು ಇಟ್ಟು ನೋಡಿದಾಗ ಹತ್ತು ಅಡಿಗೆ ಒಂದು ಇಂಚಾದರೂ ವಾಲಿದ್ದರೆ ನಮಗೆ ಸಮಾಧಾನ. ವರ್ಷ ಕಳೆದಂತೆ ಹೆಡರ್ ಹಿಡಿದಿರುವ ಕ್ಲಿಪ್ ಸಡಿಲಾಗಿ ನಡುವಿನ ಪ್ಯಾನೆಲ್ ಜಗ್ಗುತ್ತದೆ, ಬಿಸಿಲಿಗೆ ಪೈಪ್ ಬಾಗಿ ಹೊಟ್ಟೆ ಬಿಡುತ್ತದೆ. ನೀರು ಉಳಿಯುವುದು ಆ ಜಗ್ಗಿದಲ್ಲೇ. ಇನ್ನೊಬ್ಬರು ಕೆಳಗಿನ ನಲ್ಲಿ ನೋಡುತ್ತಿರುವಾಗ ಹೆಡರಿನ ದೂರದ ತುದಿಯನ್ನು ಒಂದೆರಡು ಇಂಚು ಮೆಲ್ಲಗೆ ಎತ್ತಿದರೆ ಉಳಿದ ನೀರು ಗಳಗಳ ಇಳಿಯುತ್ತದೆ. ತಣ್ಣಗಿನ ದಿನ ಪಾಲಿಪ್ರೊಪಿಲೀನ್ ಬಿರುಸಾಗಿರುತ್ತದೆ, ಎತ್ತಬಾರದು. ಬೆಚ್ಚಗಿನ ಮಧ್ಯಾಹ್ನ ಬೇಕೆಂದಿದ್ದು ಇದಕ್ಕೂ ಸೇರಿ. ಎತ್ತಿ ನೀರು ಇಳಿಸುವುದು ಆ ವರ್ಷಕ್ಕೆ ಸಾಕು, ನಿಜವಾದ ಪರಿಹಾರ ಕ್ಲಿಪ್ಪನ್ನು ಸರಿಯಾದ ಎತ್ತರಕ್ಕೆ ಮತ್ತೆ ಕೂರಿಸುವುದು.

ಏರ್ ಕಂಪ್ರೆಸರ್ ಹಚ್ಚುವುದನ್ನು ನಾವು ಒಪ್ಪುವುದಿಲ್ಲ. ಅದರ ಒತ್ತಡ ಈ ಪ್ಯಾನೆಲಿಗೆ ತೀರಾ ಹೆಚ್ಚು, ಬೆಸುಗೆ ಬಿಡುತ್ತದೆ. ಊದಲೇಬೇಕಾದರೆ ಶಾಪ್ ವ್ಯಾಕ್‌ನ (ಕಾರ್ಯಾಗಾರದ ವ್ಯಾಕ್ಯೂಮ್ ಕ್ಲೀನರ್) ಹಿಮ್ಮುಖ ಗಾಳಿ ಸಾಕು. ಅದಕ್ಕೂ ಮಿತಿ ಇದೆ: ನೂರಾರು ಕೊಳವೆಗಳು ಅಕ್ಕಪಕ್ಕ ಇರುವಾಗ ಗಾಳಿ ಖಾಲಿಯಾದ ಕೊಳವೆಗಳಲ್ಲೇ ನುಗ್ಗಿ ಹೋಗುತ್ತದೆ, ನೀರು ನಿಂತ ಕೊಳವೆ ಹಾಗೇ ಉಳಿಯುತ್ತದೆ. ಇಳಿಜಾರು ಮಾಡುವ ಕೆಲಸವನ್ನು ಗಾಳಿ ಮಾಡಲಾರದು. ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ದ್ರವ ಸುರಿಯುವ ಆಲೋಚನೆಯನ್ನಂತೂ ಬಿಟ್ಟುಬಿಡಿ. ವಸಂತದಲ್ಲಿ ಅದು ಹೋಗಿ ಸೇರುವುದು ಮಕ್ಕಳು ಈಜುವ ನೀರಿಗೆ, ಕಾರಿನ ಆಂಟಿಫ್ರೀಜಂತೂ ವಿಷ.

ಖಾಲಿಯಾದ ಪ್ಯಾನೆಲ್ ಒಂದೊಂದೂ ಮೊದಲಿಗಿಂತ 30 ಪೌಂಡಿನ ಆಸುಪಾಸು ಹಗುರಾಗಿರುತ್ತದೆ. ಉತ್ತರದಿಂದ ಬೀಸುವ ಚಳಿಗಾಳಿ ಅದನ್ನು ಎಬ್ಬಿಸದಂತೆ ಅಡ್ಡಪಟ್ಟಿಗಳನ್ನು ಬಿಗಿ ಮಾಡಬೇಕು, ಆದರೆ ಪ್ಯಾನೆಲ್ ಹಿಗ್ಗಲು ಕುಗ್ಗಲು ಬೇಕಾದಷ್ಟು ಸಡಿಲ ಬಿಟ್ಟು. ಟಾರ್ಪಾಲು ಹೊದಿಸಬೇಡಿ, ಗಾಳಿಗೆ ಅದೇ ಹಾಯಿಯಾಗುತ್ತದೆ.

ಇನ್ನು ಮುಖ್ಯವಾದ ಪರೀಕ್ಷೆ. ಛಾವಣಿ ಬದಿಯ ಎರಡೂ ನಲ್ಲಿಗಳನ್ನು ತೆರೆದೇ ಇಟ್ಟು, ಬಾಲ್ ವಾಲ್ವ್‌ಗಳನ್ನು ತಾತ್ಕಾಲಿಕವಾಗಿ ತೆರೆದು, ಪಂಪನ್ನು ಚಾಲೂ ಮಾಡಿ. ಚಳಿಗಾಲದ ಸಾಮಾನ್ಯ ವೇಗದಲ್ಲಿ ಅಲ್ಲ. ಹೆಪ್ಪುಗಟ್ಟದಂತೆ ಕಾಯುವಾಗ ಕಂಟ್ರೋಲರ್ ಪಂಪನ್ನು ಯಾವ ಗರಿಷ್ಠ ವೇಗದಲ್ಲಿ ಓಡಿಸುತ್ತದೋ ಆ ವೇಗದಲ್ಲಿ. ಹತ್ತು ನಿಮಿಷ ನಲ್ಲಿಗಳನ್ನು ನೋಡುತ್ತಾ ನಿಲ್ಲಬೇಕು. ಒಂದು ಹನಿಯೂ ಬರದಿದ್ದರೆ ವಾಲ್ವ್‌ಗಳು ಗಟ್ಟಿಯಾಗಿವೆ. ಏರುವ ಬದಿಯ ನಲ್ಲಿ ತೊಟ್ಟಿಕ್ಕಿದರೆ ಮೂರು ಬಾಯಿಯ ವಾಲ್ವ್ ಸೋರುತ್ತಿದೆ. ಮರಳುವ ಬದಿಯದು ತೊಟ್ಟಿಕ್ಕಿದರೆ ಅಲ್ಲಿನ ಚೆಕ್ ವಾಲ್ವ್ ಹಿಮ್ಮುಖ ನೀರನ್ನು ತಡೆಯುತ್ತಿಲ್ಲ.

ಈ ತೊಟ್ಟಿಗೆ ಯಾಕಿಷ್ಟು ಮಹತ್ವ ಎಂದರೆ, ಒಂದು ಪಿಎಸ್ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡ ನೀರನ್ನು 2.31 ಅಡಿ ಎತ್ತುತ್ತದೆ. ವಾಲ್ವಿನ ಬಳಿ 3 ಪಿಎಸ್ಐ ಇದ್ದರೆ ಸೋರಿದ ನೀರು ಗೋಡೆಯ ಪೈಪಿನಲ್ಲಿ ಸುಮಾರು 7 ಅಡಿಯವರೆಗೆ ನಿಲ್ಲುತ್ತದೆ. ಪ್ಯಾನೆಲ್ ಮುಟ್ಟುವುದಿಲ್ಲ, ಆದರೆ ಬಯಲಿನಲ್ಲಿರುವ ಆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. 8 ಪಿಎಸ್ಐ ಆದರೆ 18 ಅಡಿ. ಒಂದಂತಸ್ತಿನ ಮನೆಯಲ್ಲಿ ಕೆಳಗಿನ ಹೆಡರನ್ನು ಧಾರಾಳವಾಗಿ ದಾಟುವ ಎತ್ತರ ಅದು. ಫಿಲ್ಟರಿನ ಗೇಜ್ ತೋರಿಸುವುದು ಫಿಲ್ಟರಿಗೆ ಮೊದಲಿನ ಒತ್ತಡ, ವಾಲ್ವಿನ ಬಳಿ ಅದಕ್ಕಿಂತ ಕಡಿಮೆ ಇರುತ್ತದೆ ಎಂಬುದನ್ನೂ ನೆನಪಿಡಬೇಕು.

ಮೂರು ಬಾಯಿಯ ವಾಲ್ವ್ ಸೋರುವುದಕ್ಕೆ ಎರಡು ಕಾರಣ. ಒಂದು, ವಾಲ್ವಿನ ಒಳಗಿನ ರಬ್ಬರ್ ಸವೆದಿದೆ. ಮೇಲ್ಮುಚ್ಚಳದ ಸ್ಕ್ರೂ ಬಿಚ್ಚಿ, ಒಳಭಾಗ ಹೊರತೆಗೆದು, ಸೀಲ್ ಮತ್ತು ಓ-ರಿಂಗ್ ಬದಲಿಸಿ ಸಿಲಿಕಾನ್ ಗ್ರೀಸ್ ಸವರಬೇಕು. ವ್ಯಾಸಲೀನ್ ಥರದ ಪೆಟ್ರೋಲಿಯಂ ಗ್ರೀಸ್ ಸವರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಎರಡನೆಯದು ದೋಷವೇ ಅಲ್ಲ. ಸೋಲಾರ್ ನಿಂತಾಗ ಏರುವ ಪೈಪಿನ ನೀರು ತಾನೇ ಇಳಿಯಲಿ ಎಂದು ಅಳವಡಿಸುವವರು ವಾಲ್ವಿನ ಒಳತಡೆಗೆ ಬೇಕೆಂದೇ ಒಂದು ಸಣ್ಣ ತೂತು ಕೊರೆದಿರುತ್ತಾರೆ. ಬೇಸಿಗೆಯಲ್ಲಿ ಅದು ಉಪಕಾರಿ. ಚಳಿಗಾಲದಲ್ಲಿ ಪಂಪು ಓಡುತ್ತಿರುವಷ್ಟು ಹೊತ್ತೂ ಅದೇ ತೂತಿನಿಂದ ನೀರು ಆಚೆ ದಾಟುತ್ತದೆ. ಎಷ್ಟು ಸೀಲ್ ಬದಲಿಸಿದರೂ ಆ ಮನೆಯಲ್ಲಿ ಸೋರಿಕೆ ನಿಲ್ಲುವುದಿಲ್ಲ, ಬಾಲ್ ವಾಲ್ವ್ ಮುಚ್ಚಲೇಬೇಕು.

ಮುಚ್ಚಿದ ಮೇಲೆ ಹೊಸ ತೊಂದರೆ. ಮೂರು ಬಾಯಿಯ ವಾಲ್ವಿಗೂ ಮುಚ್ಚಿದ ಬಾಲ್ ವಾಲ್ವಿಗೂ ನಡುವಿನ ಪೈಪಿನ ತುಂಡಿನಲ್ಲಿ ನೀರು ತುಂಬಿ ನಿಶ್ಚಲವಾಗಿ ನಿಲ್ಲುತ್ತದೆ. ಪಂಪು ಎಷ್ಟು ಓಡಿದರೂ ಅಲ್ಲಿ ಹರಿವಿಲ್ಲ, ಮೊದಲು ಗಡ್ಡೆ ಕಟ್ಟುವುದೇ ಅಲ್ಲಿ. ಮುಚ್ಚಿದ ಬಾಲ್ ವಾಲ್ವಿನ ಗುಂಡಿನೊಳಗೂ ಒಂದು ಗುಟುಕು ನೀರು ಸಿಕ್ಕಿಕೊಂಡು ವಾಲ್ವಿನ ಒಡಲನ್ನೇ ಸೀಳುತ್ತದೆ. ನಾವು ಹೆಚ್ಚು ನಂಬುವುದು ಯೂನಿಯನ್ ಜೋಡಣೆಯನ್ನು, ಅಂದರೆ ಪೈಪು ಕತ್ತರಿಸದೆ ತಿರುಗಿಸಿ ಬಿಚ್ಚಬಹುದಾದ ಜೋಡಣೆಯನ್ನು: ಮೂರು ಬಾಯಿಯ ವಾಲ್ವಿಗೆ ಆದಷ್ಟು ಹತ್ತಿರ ಯೂನಿಯನ್ ಹಾಕಿಸಿ, ಚಳಿಗಾಲಕ್ಕೆ ಬಿಚ್ಚಿ, ಪಂಪಿನ ಬದಿಗೆ ಗಟ್ಟಿ ಮುಚ್ಚಳ, ಛಾವಣಿಯ ಬದಿ ಪೂರ್ತಿ ತೆರೆದು. ಮರಳುವ ಪೈಪಿಗೂ ಹಾಗೇ. ನಡುವೆ ಬಯಲು ಗಾಳಿ ಇದ್ದರೆ ನೀರು ದಾಟುವ ಮಾತೇ ಇಲ್ಲ. ಪಂಪಿನ ಬದಿಯಲ್ಲಿ ಉಳಿಯುವ ಗೇಣುದ್ದದ ತುಂಡಿಗೆ ಫೋಮ್ ಸುತ್ತಿದರೆ ಪಕ್ಕದಲ್ಲೇ ಹರಿಯುವ ನೀರಿನ ಬಿಸಿ ಅದನ್ನು ಕಾಯುತ್ತದೆ. ಎರಡೂ ಬದಿ ಖಾಲಿಯಾದ ಬಾಲ್ ವಾಲ್ವ್‌ಗಳನ್ನು ಅರ್ಧ ತೆರೆದಿಡಿ, ಒಳಗೆ ನೀರು ಸಿಕ್ಕಿಕೊಳ್ಳುವುದಿಲ್ಲ. ತೆರೆದ ಪೈಪಿನ ಬಾಯಿಗಳಿಗೆಲ್ಲ ಸೊಳ್ಳೆಪರದೆಯ ತುಂಡು ಕಟ್ಟಬೇಕು, ಕಣಜಕ್ಕಾಗಿ.

2021ರ ಫೆಬ್ರವರಿ 16ರಂದು ಡಲ್ಲಾಸ್–ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 19 ಸೆಲ್ಸಿಯಸ್ ದಾಖಲಾಯಿತು. ಅದರ ಹಿಂದಿನ ದಿನದಿಂದಲೇ ರಾಜ್ಯದಾದ್ಯಂತ ಕರೆಂಟು ಹೋಗತೊಡಗಿ, ಹರಿವನ್ನೇ ನಂಬಿದ್ದ ಪಂಪುಗಳು ನಿಂತವು. ಪಂಪು, ಫಿಲ್ಟರ್, ಹೀಟರ್ ಒಡೆದ ಮನೆಗಳು ಲೆಕ್ಕವಿಲ್ಲದಷ್ಟು. ಕರೆಂಟು ಹೋಗಿ ಹೊರಗೆ ಕೊರೆಯುತ್ತಿದ್ದರೆ ಬ್ರೇಕರ್ ಆಫ್ ಮಾಡಿ, ಪಂಪಿನ ಅಡಿಯ ಬಿರಡೆಗಳು, ಫಿಲ್ಟರಿನ ಬಿರಡೆ ಮತ್ತು ನೆತ್ತಿಯ ಗಾಳಿ ತಿರುಪು, ಹೀಟರಿನ ಬಿರಡೆ ಎಲ್ಲವನ್ನೂ ಬಿಚ್ಚಬೇಕು. ಬಿಚ್ಚಿದ್ದನ್ನು ಪಂಪಿನ ಬುಟ್ಟಿಯಲ್ಲೇ ಹಾಕಿಟ್ಟರೆ ಕಳೆಯುವುದಿಲ್ಲ. ಕತ್ತಲಲ್ಲಿ, ಟಾರ್ಚ್ ಹಿಡಿದು, ಮರಗಟ್ಟಿದ ಬೆರಳಲ್ಲಿ ಇಷ್ಟು ಮಾಡುವುದೇ ಸಾಕುಬೇಕಾಗುತ್ತದೆ. ಆ ಹೊತ್ತಿನಲ್ಲಿ ಮಂಜು ಹಿಡಿದ ಛಾವಣಿ ಹತ್ತಲಂತೂ ಸಾಧ್ಯವಿಲ್ಲ. ಸೋಲಾರಿನ ಕೆಲಸ ನವೆಂಬರಿನಲ್ಲೇ ಪೂರ್ತಿ ಮುಗಿದಿರಬೇಕೆಂದು ನಾವು ಹಟ ಹಿಡಿಯುವುದು ಅದಕ್ಕೇ.

ಮತ್ತೆ ಜೋಡಿಸುವುದು ಮಾರ್ಚ್ ಮಧ್ಯ ಕಳೆದ ಮೇಲೆ. ಪರದೆ ತೆಗೆದು, ಯೂನಿಯನ್ನಿನ ಓ-ರಿಂಗ್ ಒರೆಸಿ ಗ್ರೀಸ್ ಸವರಿ, ನಲ್ಲಿ ಮುಚ್ಚಿ, ಬಾಲ್ ವಾಲ್ವ್ ಪೂರ್ತಿ ತೆರೆದು, ಮೋಟರಿನ ವೈರು ಸೇರಿಸಿ, ಸ್ವಿಚ್ಚನ್ನು ನಡುವಿನಿಂದ ಮೊದಲಿದ್ದ ಬದಿಗೇ ತನ್ನಿ. ಬದಿ ಅದಲು ಬದಲಾದರೆ ವಾಲ್ವ್ ತಿರುಗಾಮುರುಗಾ ಕೆಲಸ ಮಾಡುತ್ತದೆ. ನಿಧಾನ ವೇಗದಲ್ಲಿ ತುಂಬಿಸಿ, ಆಮೇಲೆ ವೇಗ ಏರಿಸಿ. 4×12ರ ಒಂದು ಪ್ಯಾನೆಲಿಗೆ ನಿಮಿಷಕ್ಕೆ 4ರಿಂದ 5 ಗ್ಯಾಲನ್ ಹರಿವು ಸಾಕು. ಎಲ್ಲೋ ಒಂದು ಕೊಳವೆ ಸೀಳಿದ್ದರೆ ಆಗ ಸಣ್ಣ ಕಾರಂಜಿ ಕಾಣುತ್ತದೆ, ಸಾಮಾನ್ಯವಾಗಿ ಕೆಳಗಿನ ಹೆಡರಿಗೆ ಕೊಳವೆ ಸೇರುವಲ್ಲಿ. ಅದೊಂದೇ ಕೊಳವೆಯನ್ನು ಎರಡೂ ಹೆಡರಿನ ಬಳಿ ಕತ್ತರಿಸಿ, ತಯಾರಕರು ಅದಕ್ಕೆಂದೇ ಕೊಡುವ ಸಣ್ಣ ಬಿರಡೆಯಿಂದ ಎರಡು ತುದಿಯನ್ನೂ ಮುಚ್ಚಿದರೆ ಪ್ಯಾನೆಲ್ ಮೊದಲಿನಂತೆಯೇ ನಡೆಯುತ್ತದೆ. ಒಂದು ಕೊಳವೆಯ ಬಿಸಿ ಕಡಿಮೆಯಾದದ್ದು ಕೊಳಕ್ಕೆ ತಿಳಿಯುವುದೂ ಇಲ್ಲ. ಹೆಡರೇ ಸೀಳಿದ್ದರೆ ತೇಪೆ ನಿಲ್ಲದು, ಪ್ಯಾನೆಲನ್ನೇ ಬದಲಿಸಬೇಕು.